ಆಟ ಶುರುವಾಗುವ ಮುನ್ನ

ಈದುಲ್ ಫಿತ್ರ್‌ಗೆ ಊರಿಗೆ ಬಂದಿದ್ದ ಅಕ್ಕನ ಮಗ, ಊಟವಾದ ಮೇಲೆ ಜಗಲಿಯಲ್ಲಿ ನನ್ನ ಪಕ್ಕ ಕುಳಿತು ಒಂದು ವಿಚಿತ್ರ ಪ್ರಶ್ನೆ ಕೇಳಿದ. "ಮಾಮು, ಖಾಲಿ ಹಾಲ್‌ನಲ್ಲಿ ಯಾವ ಹಾಡು ಹಾಕಬೇಕು?"

ಅವನು ಬೆಂಗಳೂರಿನಲ್ಲಿ ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವವನು. ಶನಿವಾರ ರಾತ್ರಿ ಡಿಜೆ. ಈ ವಿದ್ಯೆಯ ಅಕ್ಷರಾಭ್ಯಾಸ ನಡೆದದ್ದು ಮಾತ್ರ ನಮ್ಮ ಕುಂದಾಪುರ, ಬೈಂದೂರು ಕಡೆಯ ಮೆಹಂದಿ ಮನೆಗಳಲ್ಲಿ. ಈಗ ಅವನಿಗೆ ಒಂದು ಟೆಕ್ನೋ ರಾತ್ರಿಯಲ್ಲಿ ಮೊದಲ ಎರಡು ಗಂಟೆ ಕೊಟ್ಟಿದ್ದಾರೆ. ಹೊರದೇಶದ ಹೆಸರುವಾಸಿ ಡಿಜೆ ಹನ್ನೊಂದಕ್ಕೆ ಬರುತ್ತಾನೆ. ಒಂಬತ್ತರಿಂದ ಹನ್ನೊಂದರವರೆಗೆ ಇವನದು 'ವಾರ್ಮ್‌ಅಪ್'. ಹಿಂದೊಮ್ಮೆ ಇಂಥದೇ ಅವಕಾಶ ಸಿಕ್ಕಿದಾಗ ಜನ ತನ್ನನ್ನು ನೆನಪಿಟ್ಟುಕೊಳ್ಳಲಿ ಎಂದು ಬಂದವರನ್ನೆಲ್ಲ ಮೊದಲರ್ಧ ಗಂಟೆಯಲ್ಲೇ ಕುಣಿಸಿಬಿಟ್ಟನಂತೆ. ಮುಖ್ಯ ಕಲಾವಿದ ಬರುವ ಹೊತ್ತಿಗೆ ಹಾಲ್ ದಣಿದು ಗೋಡೆಗೊರಗಿತ್ತು. ಕಾರ್ಯಕ್ರಮದವರು ಮುಖ ಕೊಟ್ಟು ಮಾತಾಡಲಿಲ್ಲ. "ಜೋರಾಗಿ ಹಾಕಿದರೆ ತಪ್ಪು, ಮೆಲ್ಲಗೆ ಹಾಕಿದರೆ ಯಾರೂ ಕೇಳುವುದಿಲ್ಲ. ನನ್ನನ್ನು ಏನೆಂದುಕೊಂಡಿದ್ದಾರೆ ಮಾಮು, ಬಾಗಿಲು ಕಾಯುವವನೆಂದೇ?" ಎಂದು ಮುಖ ಸಣ್ಣ ಮಾಡಿದ.

ಅಕ್ಕನಿಗೆ ಈ ಸಂಗೀತದ ಸಹವಾಸವೇ ಹಿಡಿಸದು. ಒಳಗಿನಿಂದಲೇ "ತೌಬಾ" ಎಂದಳು. ಸಂಗೀತದ ವಿಷಯದಲ್ಲಿ ನಮ್ಮ ಉಲೆಮಾಗಳಲ್ಲಿ ನೂರಾರು ವರ್ಷಗಳಿಂದ ಭಿನ್ನಾಭಿಪ್ರಾಯವಿದೆ. ಫತ್ವಾ ಕೊಡಲು ನಾನು ಯಾರು? ಆದರೆ ಹುಡುಗನ ಪ್ರಶ್ನೆ ನನ್ನನ್ನು ಕಾಡಿತು. ಅದು ಟೆಕ್ನೋಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ರಾತ್ರಿಯಿಡೀ ಜನರನ್ನು ಒಂದೆಡೆ ಕೂರಿಸಿಕೊಂಡ ಎಲ್ಲ ಕಲೆಗಳೂ ಇದಕ್ಕೆ ಉತ್ತರ ಹುಡುಕಿವೆ. ನಮ್ಮ ಊರು ಕಂಡುಕೊಂಡ ಉತ್ತರ ಶತಮಾನಗಳಷ್ಟು ಹಳೆಯದು. ನಾಡಿದ್ದು ಬೈಂದೂರು ತಾಲೂಕಿನ ಒಂದು ಹಳ್ಳಿಯಲ್ಲಿ ಹರಕೆಯಾಟವಿತ್ತು. "ನಡಿ, ಆಟಕ್ಕೆ ಹೋಗೋಣ. ಆದರೆ ಎಲ್ಲರಿಗಿಂತ ಮೊದಲು ಹೋಗಬೇಕು" ಎಂದೆ.

ಅದಕ್ಕೆ ಮುಂಚೆ ಅವನ ಟೆಕ್ನೋದ ವಂಶಾವಳಿ ಒಂದಿಷ್ಟು ಹೇಳಬೇಕು. ಇದು ಶ್ರೀಮಂತರ ಮೋಜಿನಿಂದ ಹುಟ್ಟಿದ್ದಲ್ಲ. ಅಮೆರಿಕದ ಡೆಟ್ರಾಯಿಟ್ ಕಾರು ಕಾರ್ಖಾನೆಗಳ ನಗರ. ಕಾರ್ಖಾನೆಗಳು ಒಂದೊಂದಾಗಿ ಕದ ಮುಚ್ಚುತ್ತಿದ್ದ 1980ರ ದಶಕದಲ್ಲಿ, ಅದರ ಹತ್ತಿರದ ಬೆಲ್‌ವಿಲ್‌ನಲ್ಲಿ ಒಟ್ಟಿಗೆ ಶಾಲೆ ಕಲಿತ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಎಂಬ ಮೂವರು ಕಪ್ಪು ಯುವಕರು ಅಗ್ಗದ ಸಿಂಥಸೈಸರ್, ಡ್ರಮ್ ಯಂತ್ರಗಳಲ್ಲಿ ಹೊಸ ಲಯವೊಂದನ್ನು ಕಟ್ಟಿದರು. 1988ರಲ್ಲಿ ಲಂಡನ್ನಿನ ಕಂಪನಿಯೊಂದು ಆ ಹಾಡುಗಳ ಸಂಕಲನವನ್ನು ಟೆಕ್ನೋ ಎಂಬ ಹೆಸರಲ್ಲೇ ತಂದಿತು. ಹೆಸರು ಲೋಕಕ್ಕೆ ಹರಡಿತು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. 1982ರಲ್ಲಿ ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್, ಅಂಥದೇ ಜಪಾನೀ ಯಂತ್ರಗಳನ್ನು ಇಟ್ಟುಕೊಂಡು ಭೈರವಿ, ಲಲಿತ್, ಭೂಪಾಳಿ, ತೋಡಿ, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್.ಪಿ. ರೆಕಾರ್ಡ್ ಮಾಡಿದರು. ಆಗ ಯಾರೂ ಅದನ್ನು ವಿಚಾರಿಸಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನ ಡಿಜೆಗಳು ಬೆರಗಾದರು. ತಾವು ಹೊಸದೆಂದುಕೊಂಡಿದ್ದ ಸದ್ದನ್ನು ಮುಂಬೈಯಲ್ಲಿ ಒಬ್ಬಾತ ಮೊದಲೇ ಮಾಡಿಟ್ಟಿದ್ದ! ಚರಣ್‌ಜಿತ್ ಸಿಂಗ್ 2015ರಲ್ಲಿ ತೀರಿಕೊಂಡರು. ಅಂತೂ ಈ ಸಂಗೀತ ನಮಗೆ ಪೂರ್ತಿ ಪರಕೀಯವಲ್ಲ.

ನಾವು ತಲುಪಿದಾಗ ಗದ್ದೆಯಲ್ಲಿ ರಂಗಸ್ಥಳ ಆಗಷ್ಟೇ ಸಿದ್ಧವಾಗಿತ್ತು. ಕುರ್ಚಿಗಳಲ್ಲಿ ಹತ್ತು ಜನರಿದ್ದರೆ ಹೆಚ್ಚು. ಒಬ್ಬ ಅಜ್ಜಿ ಮೊಮ್ಮಗುವಿಗೆ ಚಾಪೆ ಹಾಸುತ್ತಿದ್ದಳು. ಚುರುಮುರಿಯವನು ಗಾಡಿಯ ದೀಪ ಹಚ್ಚುತ್ತಿದ್ದ. ಚೌಕಿಯಲ್ಲಿ ದೇವರ ಪೂಜೆ ಮುಗಿದು ಚೆಂಡೆ ಮದ್ದಳೆಗಳ ಪೀಠಿಕೆ ಶುರುವಾಯಿತು. ಇದಕ್ಕೆ ಅಬ್ಬರವೆಂದೂ ಹೆಸರು. ಕಥೆಯಿಲ್ಲ, ವೇಷವಿಲ್ಲ, ಬರೀ ತಾಳ. ಹಿಂದೆ ಇದು ಗಂಟೆಯವರೆಗೂ ನಡೆಯುತ್ತಿತ್ತು. ಮೈಕಿಲ್ಲದ ಕಾಲದಲ್ಲಿ ಬಡಗುತಿಟ್ಟಿನ ಚೆಂಡೆಯ ಏರುಸದ್ದು ತೋಡು, ಗದ್ದೆ, ಗುಡ್ಡ ದಾಟಿ ಹೋಗಿ ಊಟಕ್ಕೆ ಕುಳಿತವರನ್ನು ಎಬ್ಬಿಸುತ್ತಿತ್ತು. ನಮ್ಮ ಕೇರಿಗೂ ಆ ಸದ್ದು ಬರುತ್ತಿತ್ತು. ಇಶಾ ನಮಾಜು ಮುಗಿಸಿ ಬಂದ ಅಬ್ಬಾನ ಬಳಿ ನೆರೆಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದಲೇ "ಹ್ವಾಯ್, ಆಟಕ್ಕ್ ಹೋಪುದಲ್ದಾ?" ಎಂದು ಕೇಳುತ್ತಿದ್ದುದು ನನ್ನ ಕಿವಿಯಲ್ಲಿ ಈಗಲೂ ಇದೆ.

ಪೀಠಿಕೆಯ ನಂತರ ಕೋಡಂಗಿಗಳು ಬಂದರು. ಚಿಕ್ಕ ಹುಡುಗರು. ಹೆಜ್ಜೆ ತಪ್ಪಿದರೂ ಯಾರೂ ನಗುವುದಿಲ್ಲ, ನಕ್ಕರೂ ಅದು ಪ್ರೀತಿಯ ನಗೆ. ಆಮೇಲೆ ಬಾಲಗೋಪಾಲರು, ಅಂದರೆ ಬಲರಾಮ ಕೃಷ್ಣರು. ಆಮೇಲೆ ಪೀಠಿಕೆಯ ಸ್ತ್ರೀವೇಷಗಳು. ಇದೆಲ್ಲ ಮುಗಿದ ಮೇಲೆ ಒಡ್ಡೋಲಗ, ಅಲ್ಲಿಂದಾಚೆ ಪ್ರಸಂಗ. ಈ ಆರಂಭದ ಭಾಗವನ್ನು ಪಂಡಿತರು ಪೂರ್ವರಂಗ ಎನ್ನುತ್ತಾರೆ. ಅದರ ಹಾಡುಗಳ ಪಠ್ಯಕ್ಕೆ 'ಸಭಾಲಕ್ಷಣ' ಎಂದು ಹೆಸರು. ಎಂಥ ಅರ್ಥವತ್ತಾದ ಹೆಸರು! ಗದ್ದೆಯಲ್ಲಿ ಸೇರಿದವರು ಮೊದಲಿಗೆ ಜನಜಂಗುಳಿ ಅಷ್ಟೇ. ಒಬ್ಬ ಸಾಲದ ಚಿಂತೆಯಲ್ಲಿರುತ್ತಾನೆ, ಒಬ್ಬ ಮೀನಿನ ದರದ ಮಾತಿನಲ್ಲಿ, ಒಬ್ಬಳು ಅಳುವ ಮಗುವಿನ ಜತೆ. ಇವರೆಲ್ಲ ಒಂದು ಸಭೆಯಾಗಬೇಕಾದರೆ ಹೊತ್ತು ಬೇಕು. ಆ ಹೊತ್ತನ್ನು ತುಂಬುವ ಕಲೆಯೇ ಪೂರ್ವರಂಗ.

"ಈಗ ಹಾಡುತ್ತಿರುವವರನ್ನು ನೋಡು" ಎಂದೆ ಹುಡುಗನಿಗೆ. ಹಾಡುತ್ತಿದ್ದದ್ದು ಮುಖ್ಯ ಭಾಗವತರಲ್ಲ. ಮೇಳದಲ್ಲಿ ಅವರಿಗೆ 'ಸಂಗೀತಗಾರ' ಎನ್ನುತ್ತಾರೆ. ಕಿರಿಯ ಭಾಗವತ. ಮುಖ್ಯ ಭಾಗವತರು ಆಗ ಚೌಕಿಯಲ್ಲೋ ಬಿಡಾರದಲ್ಲೋ ವಿಶ್ರಾಂತಿಯಲ್ಲಿರುತ್ತಾರೆ. ಈ ಹುಡುಗ ಖಾಲಿ ಕುರ್ಚಿಗಳಿಗೆ ಹಾಡುತ್ತಾನೆ. ಅವನು ರಾತ್ರಿ ಎರಡು ಗಂಟೆಗೆ ಬರಬೇಕಾದ ಯುದ್ಧದ ಪದ್ಯವನ್ನು ಒಂಬತ್ತಕ್ಕೆ ಎತ್ತುವುದಿಲ್ಲ. ಜನ ಕಾಯುತ್ತಿರುವ ಪದ್ಯ ಯಾವುದೆಂದು ಅವನಿಗೆ ಗೊತ್ತು, ಗೊತ್ತಿದ್ದೂ ಮುಟ್ಟುವುದಿಲ್ಲ. ಯಕ್ಷಗಾನಕ್ಕೆ ಹೊತ್ತಿನ ರಾಗಗಳಿವೆ. ಸಂಜೆಗೆ ಒಂದು, ನಡುರಾತ್ರಿಗೆ ಒಂದು, ಬೆಳಗಿನ ಜಾವಕ್ಕೆ ಮತ್ತೊಂದು. ತಾಳಗಳಿಗೂ ನಡೆಯಿದೆ. ಝಂಪೆ, ಅಷ್ಟ, ತ್ರಿವುಡೆ, ರೂಪಕ, ಏಕ, ಮಟ್ಟೆ ಎಂದು ಬಗೆಬಗೆ. ತ್ರಿವುಡೆ ನಿಧಾನದಲ್ಲಿ ಒಂದು ಮಾತಾಡಿದರೆ ತ್ವರಿತದಲ್ಲಿ ಇನ್ನೊಂದನ್ನೇ ಆಡುತ್ತದೆ. ಈ ಏರಿಕೆಯನ್ನು ರಾತ್ರಿಯಿಡೀ ಹಂಚಬೇಕು. ಮೊದಲೇ ಖರ್ಚು ಮಾಡಿದವನಿಗೆ ಬೆಳಗಿನ ಜಾವ ಕೈ ಖಾಲಿ.

ಪೂರ್ವರಂಗ ಪ್ರೇಕ್ಷಕನಿಗಾಗಿ ಮಾತ್ರ ಇದ್ದುದಲ್ಲ, ಅದು ಮೇಳದ ಪಾಠಶಾಲೆಯೂ ಆಗಿತ್ತು. ಮೇಳ ಸೇರಿದ ಹುಡುಗ ಮೊದಲು ಕೋಡಂಗಿ ಕುಣಿಯಬೇಕು. ಕಾಲು ಗಟ್ಟಿಯಾದ ಮೇಲೆ ಬಾಲಗೋಪಾಲ. ಆಮೇಲೆ ಪೀಠಿಕೆ ಸ್ತ್ರೀವೇಷ. ಹಲವು ತಿರುಗಾಟ ಕಳೆದ ಮೇಲೆ ಪ್ರಸಂಗದೊಳಗೆ ಪ್ರವೇಶ. ದೊಡ್ಡ ಎರಡನೇ ವೇಷಧಾರಿಗಳೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರು. ಬ್ರಹ್ಮಾವರದ ಸುತ್ತಮುತ್ತ ಬೆಳೆದ ಹಾರಾಡಿ ತಿಟ್ಟು, ಮಟಪಾಡಿ ತಿಟ್ಟುಗಳು ಇಂದಿಗೂ ಹೆಜ್ಜೆಯ ಲೆಕ್ಕಕ್ಕೆ ಹೆಸರಾಗಿರುವುದು ಈ ಮೆಟ್ಟಿಲುಗಳಿಂದ. ನವರಾತ್ರಿಯಲ್ಲಿ ಎಳೆಯ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಅರ್ಥ ಹೇಳಿಸುತ್ತಿದ್ದ ಹೂವಿನಕೋಲು ಕೂಡ ಇದೇ ಬಗೆಯ ಪಾಠ. ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರ, ಉಡುಪಿಯ ಯಕ್ಷಗಾನ ಕೇಂದ್ರಗಳು ಈಗ ಆ ಕೆಲಸವನ್ನು ತರಗತಿಗಳಲ್ಲಿ ಮಾಡುತ್ತಿವೆ. ಆದರೆ ತರಗತಿಯಲ್ಲಿ ಇಲ್ಲದ ಒಂದು ಪಾಠ ಗದ್ದೆಯಲ್ಲಿತ್ತು. ಯಾರೂ ನೋಡದಿದ್ದಾಗಲೂ ಸರಿಯಾಗಿ ಕುಣಿಯುವುದು ಹೇಗೆ ಎಂಬ ಪಾಠ.

ಇದು ಕುಗ್ಗಿದ್ದು ಹೇಗೆ? ಒಂದೇ ದಿನದಲ್ಲಲ್ಲ. ಹರಕೆಯ ಬಯಲಾಟಗಳ ಜತೆಗೆ ಟಿಕೆಟಿನ ಡೇರೆ ಮೇಳಗಳು ಬಂದವು. ಕಾಸು ಕೊಟ್ಟು ಒಳಬಂದವನಿಗೆ ಕಥೆ ಬೇಕು, ಕೋಡಂಗಿ ಯಾಕೆ? ಕೋಟದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಎಂಬ ದೊಡ್ಡ ಗ್ರಂಥ ಬರೆದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯದನ್ನು ಅಷ್ಟು ಪ್ರೀತಿಯಿಂದ ದಾಖಲಿಸಿದ ಕಾರಂತರೇ ತಮ್ಮ ಪ್ರಯೋಗಗಳಲ್ಲಿ ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ನಗರದ, ಹೊರದೇಶದ ಪ್ರೇಕ್ಷಕರಿಗೆ ಬೇರೆ ದಾರಿಯಿರಲಿಲ್ಲ.

ಆಮೇಲೆ ಕ್ಯಾಸೆಟ್ಟು ಬಂತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕುಂದಾಪುರದ ಅಂಗಡಿಗಳಲ್ಲಿ ಗುಂಡ್ಮಿ ಕಾಳಿಂಗ ನಾವಡರ ಸ್ವರವೇ ಸ್ವರ. ನಾರ್ಣಪ್ಪ ಉಪ್ಪೂರರ ಶಿಷ್ಯ, 'ನಾಗಶ್ರೀ' ಪ್ರಸಂಗದ ಕರ್ತೃ, ಸಾಲಿಗ್ರಾಮ ಮೇಳದ ಭಾಗವತ. ವೇಷ ನೋಡಲು ಹೋಗುತ್ತಿದ್ದ ಜನ ಭಾಗವತಿಕೆ ಕೇಳಲು ಹೋಗುವಂತೆ ಮಾಡಿದವರು. 1990ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ, ರಸ್ತೆ ಅಪಘಾತದಲ್ಲಿ ಅವರು ತೀರಿಹೋದಾಗ ನಮ್ಮ ಕೇರಿಯಲ್ಲೂ ಮೌನ ಕವಿದಿತ್ತು. ಬೈಂದೂರು ಕಡೆಯ ಕಿರಿಮಂಜೇಶ್ವರದಲ್ಲಿ ನೆಲೆಸಿದ್ದ ಸುಬ್ರಹ್ಮಣ್ಯ ಧಾರೇಶ್ವರರು ಮುಂದೆ ಪೆರ್ಡೂರು ಮೇಳದಲ್ಲಿ ಹೊಸ ರಾಗಗಳಿಂದ ಅಂಥದೇ ಮೋಡಿ ಹಾಕಿದರು. ಅವರೂ 2024ರಲ್ಲಿ ಅಗಲಿದರು. ಇವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ನಾನು ಕೇಳಿದ ಕ್ಯಾಸೆಟ್ಟುಗಳಲ್ಲೆಲ್ಲ ಶಿಖರಗಳಿದ್ದವು, ತಪ್ಪಲು ಇರಲಿಲ್ಲ. ಅವನ್ನು ಕೇಳಿ ಬೆಳೆದ ನಾವು ಆಟಕ್ಕೆ ಹೋದಾಗಲೂ ಶಿಖರವನ್ನೇ ಕೇಳಿದೆವು. "ದೊಡ್ಡ ಭಾಗವತರು ಎಷ್ಟು ಹೊತ್ತಿಗೆ?" ಎಂದು ವಿಚಾರಿಸಿ ಮನೆಯಿಂದ ಹೊರಟೆವು. ಅಂದರೆ ಪೂರ್ವರಂಗವನ್ನು ಕುಗ್ಗಿಸಿದವರಲ್ಲಿ ನಾನೂ ಒಬ್ಬ.

ಕೊನೆಗೆ ಕಾನೂನು ಬಂತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರಕಾರ ವಿನಾಯಿತಿ ಕೊಡಬಹುದು. ಮಸೀದಿಯ ಮೈಕಿಗೂ, ಉರೂಸಿನ ಖವ್ವಾಲಿಗೂ, ಆಟಕ್ಕೂ, ಡಿಜೆಗೂ ಅದೇ ನಿಯಮ. ರೋಗಿಗಳಿಗೆ, ಮಕ್ಕಳಿಗೆ ನಿದ್ದೆ ಬೇಕು, ಅದನ್ನು ಅಲ್ಲಗಳೆಯಲಾಗದು. 2022ರ ತಿರುಗಾಟದಲ್ಲಿ ತೆಂಕಿನ ಕಟೀಲು ಮೇಳಗಳು ಕಾಲಮಿತಿಗೆ ತಿರುಗಿದಾಗ ಕರಾವಳಿಯಿಡೀ ಚರ್ಚೆಯಾಯಿತು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಕಾಲಮಿತಿಯ ಆಟದಲ್ಲಿ ಕತ್ತರಿ ಮೊದಲು ಬೀಳುವುದು ಎಲ್ಲಿಗೆಂದು ಬೇರೆ ಹೇಳಬೇಕಿಲ್ಲ. ಯಾರೂ ಟಿಕೆಟು ಕೊಳ್ಳದ, ಯಾರ ಹೆಸರೂ ಇಲ್ಲದ ಆರಂಭಕ್ಕೆ.

ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದವನು. ಹಾಗಾಗಿ ಕೋಡಂಗಿಯನ್ನು ನೋಡುವಾಗ ನನಗೆ ಮೆಹಫಿಲ್ ನೆನಪಾಗುತ್ತದೆ. ಖವ್ವಾಲಿಯೂ ಶಿಖರದಿಂದ ಶುರುವಾಗುವುದಿಲ್ಲ. ಮೊದಲು ಹಾರ್ಮೋನಿಯಂ, ತಬಲಾಗಳ ನಗ್ಮಾ. ಆಮೇಲೆ ಅಲ್ಲಾಹನ ಸ್ತುತಿಯ ಹಮ್ದ್, ಪ್ರವಾದಿಯವರ ನಅತ್, ವಲಿಗಳ ಮನ್‌ಕಬತ್. ಅಲ್ಲಿಂದ ಮುಂದೆ ಪ್ರೇಮದ, ಉನ್ಮಾದದ ಗಝಲುಗಳು. ಮುಶಾಯಿರಾದಲ್ಲೂ ಅಷ್ಟೇ. ಎಳೆಯ ಕವಿಗಳು ಮೊದಲು, ಉಸ್ತಾದರು ಕೊನೆಗೆ. ಫರ್ಹತುಲ್ಲಾ ಬೇಗ್ 'ದಿಲ್ಲಿ ಕೀ ಆಖಿರೀ ಶಮ್ಅ' ಎಂಬ ಕೃತಿಯಲ್ಲಿ ಹಳೆಯ ದಿಲ್ಲಿಯ ಮುಶಾಯಿರಾ ಒಂದನ್ನು ಕಲ್ಪಿಸಿದ್ದಾರೆ. ಅಲ್ಲಿ ದೀಪ ಒಬ್ಬ ಕವಿಯ ಮುಂದಿನಿಂದ ಇನ್ನೊಬ್ಬನ ಮುಂದಕ್ಕೆ ಸಾಗುತ್ತದೆ. ದೀಪ ಮೊದಲೇ ಗಾಲಿಬನ ಮುಂದೆ ಬಂದುಬಿಟ್ಟರೆ ಉಳಿದ ರಾತ್ರಿಗೆ ಏನಿದೆ?

ಸಮಾ ಕೂಟದ ಬಗ್ಗೆ ಜುನೈದ್ ಬಗ್ದಾದಿಯವರ ಒಂದು ಮಾತನ್ನು 1111ರಲ್ಲಿ ನಿಧನರಾದ ಇಮಾಮ್ ಗಝಾಲಿ ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ ಎತ್ತಿ ಚರ್ಚಿಸುತ್ತಾರೆ. ಸಮಾಗೆ ಮೂರು ಸಂಗತಿಗಳು ಸರಿಹೊಂದಬೇಕು: ಝಮಾನ್, ಮಕಾನ್, ಇಖ್ವಾನ್. ಅಂದರೆ ಹೊತ್ತು, ಸ್ಥಳ, ಜತೆಗಿರುವವರು. ಇವು ಕೂಡಿಬರದಿದ್ದರೆ ಕೇಳದಿರುವುದೇ ಲೇಸು. ಅವರ ಕಾಳಜಿ ಮನೋರಂಜನೆಯದಲ್ಲ, ಆತ್ಮದ್ದು. ಆದರೆ ಆ ಮೂರು ಮಾತುಗಳಲ್ಲಿ ನನ್ನ ಅಳಿಯನ ಪ್ರಶ್ನೆಗೂ ಉತ್ತರವಿತ್ತು. ಅದನ್ನೇ ಅವನಿಗೆ ಹೇಳಿದೆ. "ಹಾಡು ಯಾವುದೆಂದು ಆಮೇಲೆ ಯೋಚಿಸು. ಹೊತ್ತು ಎಷ್ಟು, ಜಾಗ ಎಂಥದು, ಬಂದವರು ಯಾರು, ನಿನ್ನ ಬಳಿಕ ಬರುವವನು ಯಾರು ಎಂದು ಮೊದಲು ನೋಡು."

ಅವನು ಫೋನ್ ತೆಗೆದು ಪಟ್ಟಿ ಮಾಡಲು ಕುಳಿತ. ಟೆಕ್ನೋದಲ್ಲಿ ವೇಗವನ್ನು ನಿಮಿಷಕ್ಕೆ ಎಷ್ಟು ಹೊಡೆತ ಎಂದು ಅಳೆಯುತ್ತಾರಂತೆ. ಮುಖ್ಯ ಡಿಜೆ 130ರ ಮೇಲೆ ಹೋಗುವವನು. ಹಾಗಾದರೆ ತಾನು 110ರ ಸುಮಾರಿಗೆ ಶುರು ಮಾಡಿ ಎರಡು ಗಂಟೆಯಲ್ಲಿ 124ಕ್ಕೆ ಮುಟ್ಟಬೇಕು, ಅದೂ ಯಾರಿಗೂ ಗೊತ್ತಾಗದ ಹಾಗೆ. ಮೊದಲರ್ಧ ಗಂಟೆ ಜನ ಪರಸ್ಪರ ಮಾತಾಡಲು ಬಿಡಬೇಕು, ಸದ್ದು ಅವರ ಮಾತಿನ ಕೆಳಗೆ ಹರಿಯಬೇಕು. ಎಲ್ಲರೂ ಬಲ್ಲ ಹಾಡು ಬೇಡ. ಮುಖ್ಯ ಡಿಜೆಯದೇ ಹಾಡುಗಳಂತೂ ಬೇಡವೇ ಬೇಡ. ನ್ಯೂಯಾರ್ಕಿನಲ್ಲಿ ಡೇವಿಡ್ ಮ್ಯಾನ್‌ಕ್ಯೂಸೊ ಎಂಬಾತ 1970ರಲ್ಲಿ ತನ್ನ ಮನೆಯಲ್ಲೇ ಆರಂಭಿಸಿದ 'ಲಾಫ್ಟ್' ಕೂಟಗಳಲ್ಲಿ ರಾತ್ರಿಯನ್ನು ಮೂರು ಹಂತ ಮಾಡಿದ್ದನೆಂದು ಅವನೇ ಹೇಳಿದ. ಮೊದಲು ಶಾಂತಿ, ನಡುವೆ ಸಂಭ್ರಮ, ಕೊನೆಗೆ ಮೆಲ್ಲನೆ ಮನೆಯ ದಾರಿ. "ಇದು ನಮ್ಮ ಆಟವೇ ಅಲ್ಲವೇ ಮಾಮು? ಪೀಠಿಕೆ, ಪ್ರಸಂಗ, ಮಂಗಳ!" ಎಂದ. ಚರಣ್‌ಜಿತ್ ಸಿಂಗರ ಭೈರವಿಯನ್ನು ಮೊದಲ ಹತ್ತು ನಿಮಿಷದೊಳಗೆ ಹಾಕುವುದೆಂದು ತೀರ್ಮಾನಿಸಿದ. ಕೊನೆಯಲ್ಲಿ ಬರೀ ಒಂದು ತಾಳವನ್ನು ಉಳಿಸಿ ಎದ್ದುಬಿಡುವುದು. ಸಂಗೀತಗಾರ ದೊಡ್ಡ ಭಾಗವತರಿಗೆ ತಾಳ ಬಿಟ್ಟುಕೊಟ್ಟು ಏಳುವಂತೆ.

ಆ ರಾತ್ರಿ ಅವನು ಪಟ್ಟಿ ಮಾಡುತ್ತಿದ್ದಾಗ ನಾನು ಗದ್ದೆಯ ಅಂಚನ್ನು ನೋಡುತ್ತಿದ್ದೆ. ಆಟದ ಗದ್ದೆಗೆ ಕಲಾವಿದರಷ್ಟೇ ಬೇಗ ಬರುವವರು ಇನ್ನೊಬ್ಬರಿದ್ದಾರೆ. ಬಳೆ, ಬಲೂನು, ಆಟಿಕೆ, ಚುರುಮುರಿ ಮಾರುವವರು. ಪೂರ್ವರಂಗದ ಹೊತ್ತೇ ಅವರ ವ್ಯಾಪಾರದ ಹೊತ್ತು. ಕಥೆ ಕಾವೇರಿದ ಮೇಲೆ ಯಾರು ಬಳೆ ಕೊಳ್ಳುತ್ತಾರೆ? ನನ್ನ ಬಾಲ್ಯದಲ್ಲಿ ಈ ಅಂಗಡಿಗಳಲ್ಲಿ ಹಲವು ನಮ್ಮ ಕೇರಿಯವರದಾಗಿದ್ದವು. 2022ರ ಮಾರ್ಚ್‌ನಲ್ಲಿ ಇದೇ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ಸಿಗಲಿಲ್ಲ. ಅದು ಕರಾವಳಿಯ ಬೇರೆ ಜಾತ್ರೆಗಳಿಗೂ ಹಬ್ಬಿತು. ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವೊಂದನ್ನು ವಿಧಾನಸಭೆಯಲ್ಲಿ ಸಮರ್ಥನೆಗೆ ಎತ್ತಿ ತೋರಿಸಲಾಯಿತು. ತೆಂಕಿನ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯಲ್ಲಿ ಬಪ್ಪ ಬ್ಯಾರಿ ರಂಗಸ್ಥಳಕ್ಕೆ ಬಂದರೆ ಇಡೀ ಗದ್ದೆ ಸಂತೋಷಪಡುತ್ತದೆ. ತಾಳಮದ್ದಳೆಯಲ್ಲಿ ಜಬ್ಬಾರ್ ಸಮೋ ಅವರ ಅರ್ಥಗಾರಿಕೆಗೆ ಜನ ತಲೆದೂಗುತ್ತಾರೆ. ಒಳಗೆ ಜಾಗವಿದೆ. ಅಂಚಿನಲ್ಲಿ ಏಕೆ ಇಲ್ಲದಾಗಬೇಕು?

ನಾವು ಕುಳಿತಿದ್ದ ಗದ್ದೆಯಲ್ಲಿ ಆ ರಾತ್ರಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಅಜ್ಜಿ ತನ್ನ ಚಾಪೆಯ ತುದಿ ನಮ್ಮತ್ತ ಸರಿಸಿ "ಕೂಕಣಿ" ಎಂದಳು. ಹೆಸರು ಕೇಳಲಿಲ್ಲ. ಮೊಮ್ಮಗು ಬಾಲಗೋಪಾಲರು ಬರುವ ಮೊದಲೇ ನಿದ್ದೆ ಹೋಗಿತ್ತು. ಕಥೆ ಶುರುವಾದ ಮೇಲೆ ನಾವೆಲ್ಲ ಪಕ್ಷ ಹಿಡಿಯುತ್ತೇವೆ, ಇವನು ಗೆಲ್ಲಲಿ, ಅವನು ಸೋಲಲಿ ಎಂದು. ಪೂರ್ವರಂಗದಲ್ಲಿ ಪಕ್ಷಗಳಿಲ್ಲ. ಸುಮ್ಮನೆ ಒಟ್ಟಿಗೆ ಕುಳಿತಿರುವುದಷ್ಟೇ. ನಾವು ಕತ್ತರಿಸಿ ಎಸೆಯುತ್ತಿರುವುದು ಆ ಹೊತ್ತನ್ನು.

ಹದಿನೈದು ದಿನ ಬಿಟ್ಟು ಹುಡುಗ ಬೆಂಗಳೂರಿನಿಂದ ಫೋನ್ ಮಾಡಿದ. "ಹೇಗಾಯಿತು?" ಎಂದೆ. "ಯಾರೂ ಚಪ್ಪಾಳೆ ತಟ್ಟಲಿಲ್ಲ ಮಾಮು. ನಾನು ಎದ್ದದ್ದೂ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಆದರೆ ಹನ್ನೊಂದಕ್ಕೆ ಅವನು ಬಂದಾಗ ಹಾಲ್ ತುಂಬಿತ್ತು, ಎಲ್ಲರೂ ನಿಂತಿದ್ದರು." ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಹಾಡಿನ ಸುದ್ದಿ ಎತ್ತಲಿಲ್ಲ. "ಊಟ ಆಯ್ತಾ?" ಎಂದು ಕೇಳಿದಳು.